ಒಂದೇ ಗೋಪುರ, ಎರಡು ಪರದೆ

ಆ ಶನಿವಾರ ಸಂಜೆ ಬೆಟ್ಟದ ಮೇಲಿನ ಪೇಟೆಯ ನನ್ನ ರಿಪೇರಿ ಅಂಗಡಿಯಲ್ಲಿ ಎರಡು ಟಿವಿಗಳು ಒಂದೇ ಆಟ ತೋರಿಸುತ್ತಿದ್ದವು. ಬ್ಯಾಡ್ಮಿಂಟನ್ ಫೈನಲ್, ಗಂಡಸರ ಜೋಡಿ ಆಟ, ಮೂರನೆಯ ಗೇಮ್. ಎಡಗಡೆಯದು ಅಂಗಡಿಯದೇ ಟಿವಿ. ಬಲಗಡೆಯದಕ್ಕೆ, ಕಡಲ ದಡದ ನಮ್ಮೂರಿನಿಂದ ಚಿಕ್ಕಮ್ಮ, ಎತೆಕ್ ರೋಸ್, ರಿಪೇರಿಗೆ ಕಳಿಸಿದ್ದ ಸೆಟ್‌ಟಾಪ್ ಬಾಕ್ಸ್ ಜೋಡಿಸಿದ್ದೆ. ಎರಡಕ್ಕೂ ಸಿಗ್ನಲ್ ಒಂದೇ ಆಂಟೆನಾದಿಂದ ಬರುತ್ತಿತ್ತು. ಉತ್ತರಕ್ಕೆ ನಲವತ್ತು ಕಿಲೋಮೀಟರ್ ಆಚೆ ಬೆಟ್ಟದ ಮೇಲೆ ನಿಂತ ಪ್ರಸಾರ ಗೋಪುರವೇ ಅದರ ಮೂಲ.

ಆರು ನಿಮಿಷದ ಹಿಂದೆ ನೆಲ ಅಲುಗಿತ್ತು. ಅಲುಗಿತ್ತು ಅನ್ನುವುದಕ್ಕಿಂತ ತೂಗಿತ್ತು ಅನ್ನಬೇಕು. ಗೋಡೆಗೆ ನೇತುಹಾಕಿದ್ದ ಕೇಬಲ್ ಸುರುಳಿಗಳು ಒಂದೇ ಲಯದಲ್ಲಿ ಆಚೆ ಈಚೆ ಹೋಗುತ್ತಿದ್ದವು. ಲೋಟದ ಚಹಾ ಅಂಚಿನವರೆಗೆ ಬಂದು ಹಿಂದೆ ಸರಿಯುತ್ತಿತ್ತು. ಗಡಿಯಾರ ನೋಡಿಕೊಂಡು ಎಣಿಸಿದೆ, ನೂರಾ ಹತ್ತು ಸೆಕೆಂಡು. ಎದುರಿಗೆ ಬಾಳೆಹಣ್ಣು ಕರಿಯುತ್ತಿದ್ದವಳು ಬಾಣಲೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಅಷ್ಟೇ. ಇಂಥದ್ದಕ್ಕೆಲ್ಲ ನಮ್ಮ ಕಡೆ ಯಾರೂ ಕೂತಲ್ಲಿಂದ ಏಳುವುದಿಲ್ಲ. ಕಪಾಟು ಬಿದ್ದರೆ ಓಡುತ್ತಾರೆ.

ನಾನು ಮಾತ್ರ ಮತ್ತೆ ಗಡಿಯಾರ ನೋಡಿದೆ. ಪಾದಾಂಗ್‌ನಲ್ಲಿ ಭೌತಶಾಸ್ತ್ರ ಓದಿದ ನಾಲ್ಕು ವರ್ಷಗಳಲ್ಲಿ ಮರೆಯದೆ ಉಳಿದ ಪಾಠಗಳಲ್ಲಿ ಇದೊಂದು: ಕಡಲ ತಳ ನಿಧಾನವಾಗಿ ಜಾರಿದಾಗ ಮನೆಗಳು ಹೆಚ್ಚು ನಡುಗುವುದಿಲ್ಲ, ಆದರೆ ನೀರು ಏಳಬಹುದು. ಎಲ್ಲೋ ದೂರದ್ದು ಇರಬೇಕು ಎಂದು ನನಗೆ ನಾನೇ ಹೇಳಿಕೊಂಡು ಬೆಸುಗೆ ಕಡ್ಡಿ ಕೈಗೆತ್ತಿಕೊಂಡೆ.

ಆಗ ಬಲಗಡೆಯ ಟಿವಿ ಕೆಂಪಾಯಿತು.

ಆಟ ಮಾಯವಾಗಿ ಇಡೀ ಪರದೆ ಕೆಂಪಾಗಿ, ಸೈರನ್ ಕೂಗತೊಡಗಿತು. ಬಿಳಿ ಅಕ್ಷರಗಳಲ್ಲಿ: ಅಪಾಯ. ಸುನಾಮಿ. ಪಾಸಿಯ ಲಾವೆ ಮತ್ತು ಸುತ್ತಲಿನ ದಡ. ಮೊದಲ ಅಲೆ 17:10ರ ಸುಮಾರಿಗೆ. ಎತ್ತರದ ಜಾಗಕ್ಕೆ ಹೋಗಿ. ಪಾಸಿಯ ಲಾವೆ ಅಂದರೆ ನಮ್ಮೂರು.

ಎಡಗಡೆಯ ಟಿವಿಯಲ್ಲಿ ನಮ್ಮವನೊಬ್ಬ ಹಾರಿ ಹೊಡೆದ. ಜನ ಚಪ್ಪಾಳೆ ತಟ್ಟಿದರು.

ಒಂದೇ ಗೋಪುರ, ಒಂದೇ ತಂತಿ, ಒಂದೇ ಚಾನೆಲ್. ಎರಡರ ನಡುವೆ ಇದ್ದದ್ದು ಐದಂಕಿಯ ಒಂದು ಸಂಖ್ಯೆಯ ವ್ಯತ್ಯಾಸ. ಆ ವ್ಯತ್ಯಾಸವನ್ನು ನಮ್ಮೂರಿನ ಮೂವತ್ತೊಂದು ಮನೆಗಳಲ್ಲಿ ನನ್ನ ಕೈಯಾರೆ ಮಾಡಿ ಬಂದವಳು ನಾನು.

ಹಳೆಯ ಪ್ರಸಾರ ನಿಂತು ಡಿಜಿಟಲ್ ಬಂದ ವರ್ಷ ದಡದ ಬೀದಿಗೆಲ್ಲ ಬಾಕ್ಸ್ ಕೂಡಿಸಿದವಳು ನಾನೇ. ಮೊದಲ ಸಲ ಆನ್ ಮಾಡಿದಾಗ ಬಾಕ್ಸ್ ಊರಿನ ಅಂಚೆ ಸಂಖ್ಯೆ ಕೇಳುತ್ತದೆ. ಗೋಪುರ ಎಚ್ಚರಿಕೆಯನ್ನು ಇಡೀ ಪ್ರಾಂತ್ಯಕ್ಕೆ ಕಳಿಸಿದರೂ, ಅಪಾಯವಿರುವ ಊರಿನ ಸಂಖ್ಯೆ ಹೊಂದಿದ ಬಾಕ್ಸ್‌ಗಳು ಮಾತ್ರ ಬಾಯಿ ಬಿಡುತ್ತವೆ. ನಾನು ಸರಿಯಾದ ಸಂಖ್ಯೆಯನ್ನೇ ಹಾಕಿದ್ದೆ. ಒಂದು ತಿಂಗಳಿಗೆ ಪರೀಕ್ಷೆಯ ಎಚ್ಚರಿಕೆ ಬಂತು. ಬೆಳಗಿನ ಹತ್ತು ಗಂಟೆಗೆ ಮೂವತ್ತೊಂದು ಮನೆಗಳಲ್ಲಿ ಒಟ್ಟಿಗೆ ಸೈರನ್. ‘ಇದು ಪರೀಕ್ಷೆ’ ಎಂದು ಕೆಳಗೆ ಬರೆದಿದ್ದನ್ನು ಓದುವಷ್ಟರಲ್ಲಿ ಎತೆಕ್ ರೋಸ್ ಮೆಟ್ಟಿಲಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಎರಡನೇ ತಿಂಗಳೂ ಅದೇ ಗಲಾಟೆ. ಬೀದಿಯವರೆಲ್ಲ ಸೇರಿ ನನ್ನನ್ನು ಕರೆಸಿದರು.

“ಟಿವಿ ಕೂಡಿಸು ಅಂದ್ವಿ ಕಣೆ, ಮನೆಯೊಳಗೆ ದೆವ್ವ ಕೂಡಿಸು ಅನ್ನಲಿಲ್ಲ,” ಅಂದಿದ್ದಳು ಎತೆಕ್, ಕಟ್ಟು ಹಾಕಿದ ಕೈ ಎತ್ತಿ ತೋರಿಸುತ್ತ. “ಅದರ ಬಾಯಿ ಮುಚ್ಚಿಸು.”

ನಾನು ಬೆಟ್ಟದ ಮೇಲಿನ ನಮ್ಮ ಪೇಟೆಯ ಅಂಚೆ ಸಂಖ್ಯೆಯನ್ನು ಒಂದೊಂದು ಬಾಕ್ಸ್‌ಗೂ ಹಾಕಿದೆ. ಪೇಟೆಗೆ ಕಡಲಿನ ಎಚ್ಚರಿಕೆ ಯಾವತ್ತೂ ಬರುವುದಿಲ್ಲ. ಮನೆವಾರು ಸಿಗ್ನಲ್ ಬಲ, ಗುಣಮಟ್ಟ ಬರೆಯುವ ನನ್ನ ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದೆ. ಪಕ್ಕದಲ್ಲಿ ಇನ್ನೊಂದು ಸಾಲು: ‘ದಡದಲ್ಲಿ ಸೈರನ್ ಕಂಬವಿದೆ, ಭೂಕಂಪ ಕಾಲಿಗೇ ತಿಳಿಯುತ್ತದೆ. ಎರಡು ರಕ್ಷಣೆ ಸಾಕು.’ ನಮ್ಮ ತಾಯಿಯ ಮನೆಯಲ್ಲಿ, ಈಗ ಅಲ್ಲಿರುವ ಅಕ್ಕ ನೆಲಿ, ನಮ್ಮ ಮಾತಿನಲ್ಲಿ ‘ಉನಿ’, ನನ್ನ ಪಕ್ಕದಲ್ಲೇ ನಿಂತಿದ್ದಳು.

“ನಿಜವಾದದ್ದು ಬಂದ್ರೆ ಕೂಗತ್ತೆ ತಾನೆ?” ಎಂದು ಕೇಳಿದಳು.

ಸೈರನ್ ಕಂಬವನ್ನು ಮನಸ್ಸಿನಲ್ಲಿಟ್ಟುಕೊಂಡು, ರಿಮೋಟ್‌ನಿಂದ ಕಣ್ಣೆತ್ತದೆ, “ಕೂಗತ್ತೆ ಉನಿ,” ಅಂದೆ. ಅವಳು ಟಿವಿಯನ್ನೇ ನೋಡುತ್ತಿದ್ದಳು.

ಸೈರನ್ ಕಂಬದ ಬ್ಯಾಟರಿ ಮುಂದಿನ ಮಳೆಗಾಲದಲ್ಲೇ ಸತ್ತಿತು. ನನಗೆ ಗೊತ್ತಿತ್ತು. ಹೋಗಿ ಸಂಖ್ಯೆ ಬದಲಿಸಬೇಕು ಎಂದುಕೊಂಡೆ, ಹೋಗಲಿಲ್ಲ. ಆ ಸಂಜೆ ಕೆಂಪು ಪರದೆ ಬಂದದ್ದು, ಎತೆಕ್‌ಳ ಬಾಕ್ಸನ್ನು ಬೆಳಿಗ್ಗೆ ಪೂರ್ತಿ ಅಳಿಸಿ ಹೊಸದಾಗಿ ಶುರುಮಾಡುವಾಗ ಅಭ್ಯಾಸಬಲದಿಂದ ಸರಿಯಾದ ಸಂಖ್ಯೆ ಒತ್ತಿದ್ದರಿಂದ.

ನಾಲ್ಕು ನಲವತ್ತನಾಲ್ಕು. ಅಕ್ಕನಿಗೆ ಫೋನ್ ಮಾಡಿದೆ. ಲೈನ್ ಇಲ್ಲ. ಸುರಾವ್‌ನ, ಅಂದರೆ ಬೀದಿಯ ಪ್ರಾರ್ಥನಾ ಮನೆಯ, ಮೈಕು ನೋಡಿಕೊಳ್ಳುವವರಿಗೆ ಮಾಡಿದೆ. ಬರೀ ಟೊಂಯ್ ಟೊಂಯ್. ಎಚ್ಚರಿಕೆ ಕಂಡ ಬೇರೆ ಊರುಗಳವರೆಲ್ಲ ಒಮ್ಮೆಲೇ ಫೋನ್ ಎತ್ತಿಕೊಂಡಿರಬೇಕು. ಅಂಗಡಿ ಬಾಗಿಲನ್ನೂ ಹಾಕದೆ ಬೈಕ್ ಹತ್ತಿದೆ.

ಒಂಬತ್ತು ಕಿಲೋಮೀಟರ್ ಇಳಿಜಾರು. ತಿರುವುಗಳಲ್ಲಿ ಕಡಲು ಕಾಣುತ್ತದೆ. ನಾನು ನೋಡಬಾರದು ಅಂದುಕೊಂಡೇ ನೋಡುತ್ತಿದ್ದೆ. ಅದು ಎಂದಿನಂತೆ, ಬಿಸಿಲಿಗೆ ಹೊಳೆಯುತ್ತ, ಸುಮ್ಮನೆ ಮಲಗಿತ್ತು. ಅದು ಹಾಗೆ ಸುಮ್ಮನಿದ್ದದ್ದು ನೋಡಿ ಬೈಕಿನ ವೇಗ ಇನ್ನೂ ಏರಿಸಿದೆ.

ಲೆಕ್ಕ ಹಾಕುತ್ತಲೇ ಓಡಿಸಿದೆ. ಊರೊಳಗೆ ಹೋಗಬೇಕಾದರೆ ಸೇತುವೆ ಸುತ್ತಿ ಇನ್ನೂ ಮೂರು ಕಿಲೋಮೀಟರ್. ಹೋದರೂ ಮೂವತ್ತೊಂದು ಬಾಗಿಲು. ಫೈನಲ್ ದಿನ ಎಲ್ಲ ಬಾಗಿಲೂ ಮುಚ್ಚಿ, ಸದ್ದು ಏರಿಸಿ ಕೂತಿರುತ್ತಾರೆ. ಒಂದು ಮನೆಗೆ ಅರ್ಧ ನಿಮಿಷ ಅಂದರೂ ಹದಿನೈದು ನಿಮಿಷ ಬೇಕು. ಅಷ್ಟು ಸಮಯವಿಲ್ಲ.

ರಸ್ತೆ ಊರಿನ ಹಿಂದಿನ ಗುಡ್ಡವನ್ನು ತಾಗಿ ಹೋಗುವಲ್ಲಿ ನಮ್ಮ ಆಂಟೆನಾ ಕಂಬ ಕಂಡಿತು. ಆ ಗುಡ್ಡ ಗೋಪುರವನ್ನು ದಡದ ಬೀದಿಗೆ ಮರೆಮಾಡುತ್ತದೆ. ಅದಕ್ಕೇ ನಾನು ಗುಡ್ಡದ ನೆತ್ತಿಯಲ್ಲಿ ಒಂದು ದೊಡ್ಡ ಆಂಟೆನಾ ನೆಟ್ಟು, ಬೂಸ್ಟರ್ ಇಟ್ಟು, ಅಲ್ಲಿಂದ ಎಲ್ಲ ಮನೆಗಳಿಗೂ ತಂತಿ ಎಳೆದಿದ್ದೆ. ಕಂಬದ ಬುಡದಿಂದ ಬೀದಿಗೆ ನೂರಾ ಎಂಬತ್ತು ಮೆಟ್ಟಿಲು. ಚಿತ್ರ ಹೋದಾಗಲೆಲ್ಲ ಬೀದಿಯವರದು ಒಂದೇ ಪದ್ಧತಿ. ಒಬ್ಬ ಮೇಲೆ ಹತ್ತಿ ಕಂಬ ಅಲ್ಲಾಡಿಸುತ್ತಾನೆ, ಮೆಟ್ಟಿಲ ನಡುವೆ ಒಬ್ಬಿಬ್ಬರು, ಕೆಳಗೆ ಬಾಗಿಲಲ್ಲಿ ಒಬ್ಬರು. “ಬಂತಾ?” ಅನ್ನುವ ಕೂಗು ಬಾಯಿಂದ ಬಾಯಿಗೆ ಇಳಿಯುತ್ತದೆ, “ಇಲ್ಲ!” ಅನ್ನುವುದು ಹಾಗೇ ಹತ್ತುತ್ತದೆ.

ಬೈಕ್ ಬಿಟ್ಟು ಕಂಬದ ಬುಡಕ್ಕೆ ಓಡಿ, ನಾಲ್ಕು ಐವತ್ತಾರಕ್ಕೆ ಬೂಸ್ಟರಿನ ಪ್ಲಗ್ ಕಿತ್ತೆ.

ಎಷ್ಟೋ ಹೊತ್ತು ಏನೂ ಆಗಲಿಲ್ಲ ಅನ್ನಿಸಿತು. ಗಡಿಯಾರದಲ್ಲಿ ಹನ್ನೊಂದು ಸೆಕೆಂಡು. ಆಮೇಲೆ ಇಡೀ ಬೀದಿ ಒಂದೇ ಗಂಟಲಿನಿಂದ ನರಳಿತು. ಬಾಗಿಲುಗಳು ತೆರೆದುಕೊಂಡವು. ಉದಾ ಸ್ಯಾಫ್ನಿಲ್ ಲುಂಗಿ ಎತ್ತಿ ಕಟ್ಟಿ ಮೆಟ್ಟಿಲು ಹತ್ತತೊಡಗಿದ. ದೋಣಿಯವನು, ಬೀದಿಗೆಲ್ಲ ‘ಉದಾ’, ಅಂದರೆ ಅಣ್ಣ; ಕಂಬ ಅಲ್ಲಾಡಿಸುವ ಕೆಲಸ ಯಾವಾಗಲೂ ಅವನದೇ. ಅವನ ಹಿಂದೆ ಇನ್ನೂ ಏಳೆಂಟು ಜನ.

“ಹತ್ತೊಂಬತ್ತು ಹತ್ತೊಂಬತ್ತು ಆಗಿತ್ತು ಕಣೆ ಎಲ್ಮಿ!” ಎಂದು ಅಲ್ಲಿಂದಲೇ ಕೂಗಿದ. “ನಿನ್ನ ಕಂಬಾನೇ ಕಿತ್ತು ಒಲೆಗೆ ಹಾಕ್ತೀನಿ ಇವತ್ತು! ಎರಡು ಪಾಯಿಂಟ್ ತಡಕೊಳ್ಳೋಕೆ ಆಗಲಿಲ್ವಾ ನಿನ್ನ ಬೂಸ್ಟರಿಗೆ?”

“ಉದಾ, ಬೂಸ್ಟರ್ ಅಲ್ಲ, ನಾನೇ ಕಿತ್ತಿದ್ದು. ಸುನಾಮಿ. ಹದಿಮೂರು ನಿಮಿಷ ಇದೆ. ಎಲ್ಲರನ್ನೂ ಮೇಲೆ ಕರೀರಿ.”

ಅವನು ನನ್ನ ಕೈಯಲ್ಲಿದ್ದ ಪ್ಲಗ್ ನೋಡಿದ, ಮುಖ ನೋಡಿದ. ನಗಲು ಹೊರಟ ಬಾಯಿ ಹಾಗೇ ನಿಂತಿತು. ಆಮೇಲೆ ತಿರುಗಿ, ಬಿರುಗಾಳಿಯಲ್ಲಿ ದೋಣಿಯಿಂದ ದೋಣಿಗೆ ಕೂಗುವ ಗಂಟಲಿನಲ್ಲಿ ಕೂಗಿದ: “ನೀರು ಬರ್ತಿದೆ! ಎಲ್ರೂ ಮೇಲೆ ಬನ್ನಿ!”

ನಡು ಮೆಟ್ಟಿಲಿನವನು ಅದನ್ನೇ ಕೂಗಿದ. ಕೆಳಗಿನವರು ಕೂಗಿದರು. ಕೆಲವರು ಹಾಗೇ ಹತ್ತಿದರು. ಕೆಲವರು ಒಳಗೆ ಓಡಿ ಮಕ್ಕಳನ್ನು ಎತ್ತಿಕೊಂಡು ಬಂದರು. ಆದರೆ ಬೀದಿಯ ತುದಿಯ ಏಳೆಂಟು ಮನೆಗಳ ಜನ ಅಂಗಳದಲ್ಲೇ ಗುಂಪಾಗಿ ನಿಂತರು. ಅದರ ನಡುವೆ ಅಕ್ಕನ ಹಳದಿ ತಲೆವಸ್ತ್ರ. ಅವಳು ಅಲ್ಲಾಡಲಿಲ್ಲ. ಮಾತೊಂದು ಕೆಳಗಿನಿಂದ ಬಾಯಿಂದ ಬಾಯಿಗೆ ಹತ್ತಿ ಬಂತು.

“ಉನಿ ನೆಲಿ ಕೇಳ್ತಾ ಇದ್ದಾಳೆ, ಟಿವಿ ಕೆಂಪಾಗಲಿಲ್ವಲ್ಲ ಅಂತ!”

“ನಿಜವಾದದ್ದಾದ್ರೆ ಕೂಗ್ತಿತ್ತು ಅಂತೆ! ಎಲ್ಮಿನೇ ಹೇಳಿದ್ಳಂತೆ!”

ಸ್ಯಾಫ್ನಿಲ್ ನನ್ನ ಕಡೆ ತಿರುಗಿದ. “ಏನು ಹೇಳಲಿ?”

ಪ್ಲಗ್ ಕಿತ್ತಿದ್ದರಿಂದ ಕಾಣಲಿಲ್ಲ ಅನ್ನಬಹುದಿತ್ತು. ಅವಳು ನಂಬುತ್ತಿರಲಿಲ್ಲ, ಚಿತ್ರ ಹೋಗುವವರೆಗೂ ಆಟ ಓಡುತ್ತಿದ್ದದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಅವಳ ಕಾಲು ಕೀಳಿಸಬಲ್ಲದ್ದು ಒಂದೇ ಮಾತು.

“ನಿಮ್ಮ ಬಾಕ್ಸ್‌ಗಳಿಗೆ ನಾನು ಪೇಟೆ ಅಂಚೆ ನಂಬರ್ ಹಾಕಿದ್ದೀನಿ ಅಂತ ಹೇಳಿ,” ಅಂದೆ. “ಅವು ಕೂಗಲ್ಲ. ಯಾವತ್ತೂ ಕೂಗ್ತಿರಲಿಲ್ಲ. ನಾನು ಸುಳ್ಳು ಹೇಳಿದ್ದೆ ಅಂತ ಹೇಳಿ.”

ಅವನು ಬೀದಿಯತ್ತ ತಿರುಗಿ ಬಾಯಿಗೆ ಎರಡೂ ಅಂಗೈ ಹಿಡಿದ. ಆಮೇಲೆ ಕೂಗಿದ. ನಡು ಮೆಟ್ಟಿಲಿನವನು ತಡವರಿಸಿ, ಮತ್ತೆ ಕೇಳಿಸಿಕೊಂಡು ಕೂಗಿದ. ನನ್ನ ತಪ್ಪು ಒಂದೊಂದೇ ಗಂಟಲು ದಾಟಿ ನೂರಾ ಎಂಬತ್ತು ಮೆಟ್ಟಿಲು ಇಳಿಯುವುದನ್ನು ನಿಂತು ಕೇಳಿದೆ. ಬುಡ ಮುಟ್ಟುವಷ್ಟರಲ್ಲಿ ಅದು ಚಿಕ್ಕದಾಗಿತ್ತು: “ಎಲ್ಮಿ ಸುಳ್ಳು ಹೇಳಿದ್ದಾಳೆ! ಟಿವಿ ಕೂಗಲ್ಲ! ಬನ್ನಿ!”

ಹಳದಿ ತಲೆವಸ್ತ್ರ ಒಮ್ಮೆ ಮೇಲೆ ನೋಡಿತು. ಆಮೇಲೆ ಓಡಿತು, ಮೆಟ್ಟಿಲ ಕಡೆಗಲ್ಲ, ಮನೆಯೊಳಕ್ಕೆ. ಎತೆಕ್ ರೋಸ್! ಅವಳ ಬಾಕ್ಸ್ ನನ್ನ ಅಂಗಡಿಯಲ್ಲಿತ್ತಲ್ಲ, ಆಟ ನೋಡಲು ಅಕ್ಕನ ಮನೆಗೆ ಬಂದಿರಬೇಕು. ಸ್ಯಾಫ್ನಿಲ್ ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಕೆಳಗೆ ಹೋದ. ನಾನೂ ಹಿಂದೆ ಇಳಿದೆ.

ನಡುವೆ ಸಿಕ್ಕರು. ಅಕ್ಕ ಒಂದು ತೋಳು, ಸ್ಯಾಫ್ನಿಲ್ ಒಂದು ತೋಳು. ಎತೆಕ್ ಇಬ್ಬರ ನಡುವೆ ತೇಲಿದಂತೆ ಬರುತ್ತಿದ್ದಳು.

“ಮೆಲ್ಲಗೆ ಕಣೋ, ನಾನೇನು ಮೀನಿನ ಬುಟ್ಟೀನಾ?” ಎಂದು ಅವನನ್ನು ಬಯ್ಯುತ್ತಿದ್ದಳು. ತುಟಿ ಮಾತ್ರ ಬೆಳ್ಳಗಾಗಿತ್ತು.

ನಾನು ಹಿಂದಿನಿಂದ ತಳ್ಳಿದೆ. ಅಕ್ಕ ನನ್ನತ್ತ ನೋಡಲಿಲ್ಲ.

ಐದು ಗಂಟೆ ಎಂಟು ನಿಮಿಷಕ್ಕೆ ಕಡಲು ಹಿಂದೆ ಸರಿಯಿತು. ಸದ್ದಿಲ್ಲದೆ, ಯಾರೋ ಕೆಳಗಿನಿಂದ ಎಳೆದುಕೊಂಡ ಹಾಗೆ. ದೋಣಿಗಳು ಕೆಸರಿನಲ್ಲಿ ಮಗ್ಗುಲಾದವು. ನಾನು ಯಾವತ್ತೂ ಕಾಣದಿದ್ದ ಕಪ್ಪು ಬಂಡೆಗಳು ಮೇಲೆದ್ದವು. ಗುಡ್ಡದ ಮೇಲೆ ಒಂದು ಮಗುವೂ ಅಳಲಿಲ್ಲ. ಆಮೇಲೆ ಬಂದದ್ದು ಅಲೆಯ ಹಾಗಿರಲಿಲ್ಲ. ಕಡಲೇ ಎದ್ದು ನಡೆದು ಬಂದ ಹಾಗಿತ್ತು, ಕಂದು ಬಣ್ಣಕ್ಕೆ, ಅವಸರವಿಲ್ಲದೆ. ತುದಿಯ ಮನೆಗಳ ಕಿಟಕಿ ಮಟ್ಟಕ್ಕೆ ಏರಿತು. ಅಕ್ಕನ ಅಡುಗೆಮನೆ ಗೋಡೆ ಮಡಚಿಕೊಂಡಿತು. ತಗಡಿನ ಚಾವಣಿಗಳು ಒಂದಕ್ಕೊಂದು ಉಜ್ಜುವ ಸದ್ದು ಇಲ್ಲಿಗೂ ಕೇಳಿಸಿತು.

ಎರಡನೆಯದು ಬರುತ್ತದೋ ಇಲ್ಲವೋ ತಿಳಿಸುವವರಿಲ್ಲದೆ ಎಲ್ಲರೂ ಕಂಬದ ಸುತ್ತ ಕೂತಿದ್ದರು. ಮನೆ ಮನೆಯಾಗಿ ಹೆಸರು ಕೂಗಿದರು. ಪ್ರತಿ ಹೆಸರಿಗೂ ಒಂದು ದನಿ ಬಂತು. ಒಬ್ಬರೂ ನನ್ನ ಹತ್ತಿರ ಬರಲಿಲ್ಲ. ಒಬ್ಬರೂ ಬಯ್ಯಲೂ ಇಲ್ಲ.

ಅಕ್ಕ ಬಂದು ಎದುರಿಗೆ ನಿಂತಳು.

“ನಮ್ಮ ಮನೇದೂ ಬದಲಾಯಿಸಿದ್ಯಾ?”

“ನಿಮ್ಮದೇ ಮೊದಲು.”

ಅವಳು ತಲೆಯಾಡಿಸಿದಳು. ಕತ್ತಲಾಗುವವರೆಗೂ ಅಲ್ಲೇ ಇದ್ದಳು, ನನ್ನಿಂದ ಎರಡು ಮಾರು ದೂರದಲ್ಲಿ.

ಎರಡು ತಿಂಗಳ ಮೇಲೆ, ಕೆಡದೆ ಉಳಿದ ಹತ್ತೊಂಬತ್ತು ಬಾಕ್ಸ್‌ಗಳಿಗೆ ಸರಿಯಾದ ಸಂಖ್ಯೆ ಹಾಕಿದೆವು. ‘ಹಾಕಿದೆವು’ ಅನ್ನಲು ಕಾರಣ, ರಿಮೋಟ್ ಅಕ್ಕನ ಕೈಯಲ್ಲಿತ್ತು. ನಾನು ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಓದಬೇಕು, ಅವಳು ತನ್ನ ಗುರುತಿನ ಚೀಟಿಯಲ್ಲಿನ ವಿಳಾಸ ನೋಡಿ ತಾಳೆ ಹಾಕಿ ಒತ್ತಬೇಕು. ಆಮೇಲೂ ಅವಳು ನಂಬಲಿಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ನನ್ನನ್ನು ಕರೆಸಿ, ಹೊಸ ಹಲಗೆ ಗೋಡೆಯ ಕೋಣೆಯಲ್ಲಿ ಟಿವಿ ಎದುರು ಕೂರಿಸಿದಳು. ಎತೆಕ್ ರೋಸ್ ಕೋಣೆಯ ಕಂಬಕ್ಕೆ ಒರಗಿ, ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದಳು. ಅಡುಗೆ ಕಾರ್ಯಕ್ರಮದಲ್ಲಿ ಒಬ್ಬಳು ತೆಂಗಿನಹಾಲು ಸುರಿಯುತ್ತಿದ್ದಳು.

ಹತ್ತು ಗಂಟೆಯಾಯಿತು. ಹತ್ತು ಗಂಟೆ ಒಂದು ನಿಮಿಷ. ತೆಂಗಿನಹಾಲು ಕುದಿಯುತ್ತಿತ್ತು. ಎರಡು ನಿಮಿಷ. ಅಕ್ಕ ನಿಧಾನವಾಗಿ ನನ್ನ ಕಡೆ ತಿರುಗಿದಳು. ಅವಳ ಮುಖ ನೋಡಿ ನನಗೆ ಗುಡ್ಡದ ಮೇಲಿನ ಸಂಜೆಗಿಂತ ಹೆಚ್ಚು ಭಯವಾಯಿತು.

ಆಗ ಪರದೆ ಕೆಂಪಾಗಿ ಕಿರುಚಿತು. ಪಕ್ಕದ ಮನೆಯಲ್ಲೂ, ಅದರಾಚೆಯದರಲ್ಲೂ.

ಎತೆಕ್ ಬೆಚ್ಚಿಬಿದ್ದು ಎದೆ ಹಿಡಿದುಕೊಂಡಳು. ನನ್ನ ಕೈ ತಾನಾಗಿ ರಿಮೋಟ್ ಕಡೆ ಹೋಯಿತು. ಅಕ್ಕ ಅದರ ಮೇಲೆ ತನ್ನ ಅಂಗೈ ಇಟ್ಟಳು.

“ಬಿಡು,” ಅಂದಳು ಎತೆಕ್, ಉಸಿರು ಸಿಕ್ಕಮೇಲೆ. “ಕೂಗಲಿ.”