ಪಾಲಿನ ಗುಳಿಗೆ

ಹಾನಗಲ್ಲಿನ ಇತಿಹಾಸವನ್ನು ಮುಂದೆ ಯಾರಾದರೂ ಬರೆಯುವುದಾದರೆ, ಫಕ್ಕೀರಪ್ಪನವರ ಪಡಸಾಲೆಯಲ್ಲಿ ಒಂದು ಕೆಂಪು ಗುಳಿಗೆ ಯಾರ ಗಂಟಲಿಗೆ ಇಳಿಯಬೇಕೆಂಬುದು ತೀರ್ಮಾನವಾದ ದಿನವನ್ನು ಅವರು ಬಿಡುವಂತಿಲ್ಲ.

ಆ ಮನೆಯಲ್ಲೊಂದು ಪದ್ಧತಿ. ಬಸುರಿ ಏನನ್ನೂ ಒಬ್ಬಳೇ ತಿನ್ನಬಾರದು, ತಿಂದರೆ ಕೂಸಿಗೆ ದೃಷ್ಟಿ. ಉಂಡಿಯೋ ಮಾವಿನಕಾಯಿಯೋ, ಎಲ್ಲರ ಕೈಗೂ ಪಾಲು ಬೀಳಬೇಕು. ಸೊಸೆ ಸುಧಾರಾಣಿಗೆ ಇದರ ಬಗ್ಗೆ ತಕರಾರಿರಲಿಲ್ಲ, ದವಾಖಾನೆಯವರು ರಕ್ತ ಏರಲೆಂದು ಕೊಟ್ಟ ಕಬ್ಬಿಣಾಂಶದ ಗುಳಿಗೆಗೂ ಅದೇ ನ್ಯಾಯ ಹತ್ತುವವರೆಗೆ. ಅತ್ತೆ ಸರೋಜವ್ವ ಸರದಿ ಹಚ್ಚಿದಳು: ಇವತ್ತು ಸೊಸೆ, ನಾಳೆ ಮಗ ಲೋಹಿತ, ಆಮೇಲೆ ಗಂಡ, ಆಮೇಲೆ ತಾನು. ಚಹಾಕ್ಕೆ ಬಂದ ನೆರೆಮನೆಯ ಫರ್ಜಾನಾಳಿಗೂ ಒಂದು ಸಂದಿತು. ಫಕ್ಕೀರಪ್ಪನವರು ಬೆಳಿಗ್ಗೆ ಪಾಯಖಾನೆಗೆ ಹೋದರೆ ಪೇಪರನ್ನು ಟೆಂಡರ್ ಪ್ರಕಟಣೆಯ ಸಮೇತ ಓದಿ ಮುಗಿಸಿಯೇ ಬರುವಂತಾಯಿತು.

ಸವಣೂರಿನ ತವರಿನವರು ಸೀಮಂತದ ಕುಬಸಕ್ಕೆ ಕರೆದಿದ್ದರು. ಹಸಿರು ಸೀರೆ, ಹಸಿರು ಬಳೆ, ಅವ್ವನ ಕೈಯಡುಗೆ. ಸುಧಾರಾಣಿ ಅದನ್ನೇ ಕನವರಿಸುತ್ತಿದ್ದಳು, ದವಾಖಾನೆಯಲ್ಲೂ ಅದೇ ಮಾತು. ತಪಾಸಣೆಯಲ್ಲಿ ನೋಡಿದರೆ ರಕ್ತ ಇನ್ನೂ ಇಳಿದಿತ್ತು.

"ಗುಳಿಗಿ ತಗೊಂಡಿರೇನ್ರಿ?" ಎಂದಳು ನರ್ಸ್ ಮಾಲಾ.

"ಒಂದೂ ಕೆಡಿಸಿಲ್ಲವ್ವಾ. ಮನಿಮಂದಿ ಎಲ್ಲಾ ನುಂಗೇವಿ," ಎಂದಳು ಸರೋಜವ್ವ, ಅಭಿಮಾನದಿಂದ.

ಮಾಲಾ ಪೆನ್ನು ಕೆಳಗಿಟ್ಟಳು. "ಅವು ಆಕಿಗಷ್ಟ ರೀ, ದಿನಾ ಒಂದು. ಹಿಂಗ ಇದ್ರ ಸವಣೂರು ಗಿವಣೂರು ಬ್ಯಾಡ. ಮುಂದಿನ ಸಲಾನೂ ಏರಲಿಲ್ಲಂದ್ರ ಡಾಕ್ಟರ್ ಸೂಜಿ ಮಾಡ್ತಾರ."

ಮನೆಗೆ ಬಂದ ಸರೋಜವ್ವ, "ಪದ್ಧತಿ ಬಿಡಾಕ ಬರೂದಿಲ್ಲ," ಎಂದಳು.

ಅತ್ತೆಯ ಎದುರು ವಾದಕ್ಕಿಂತ ಒಪ್ಪಿಗೆಯೇ ಹರಿತ ಎಂಬುದು ಸುಧಾರಾಣಿಗೆ ಆಗ ಹೊಳೆಯಿತು. "ಖರೇ ಐತ್ರಿ ಅತ್ತಿ. ಸೂಜೀನೂ ಎಲ್ಲಾರೂ ಮಾಡಿಸ್ಕೊಳ್ಳೂಣು. ಹಿರೇರು ಅಂತ ಮೊದಲ ಮಾವಾರಿಗೆ."

ಫಕ್ಕೀರಪ್ಪನವರು ಚಷ್ಮಾ ತೆಗೆದರು. "ನನಗ್ಯಾಕ?"

"ನಾ ಒಬ್ಬಾಕಿನ ಚುಚ್ಚಿಸ್ಕೊಂಡ್ರ ಕೂಸಿಗೆ ದೃಷ್ಟಿ ಆಗೂದಿಲ್ಲೇನ್ರಿ?"

"ಎಲ್ಲಿ ಚುಚ್ಚತಾರ?" ಲೋಹಿತನ ದನಿ ಸಣ್ಣದಾಗಿತ್ತು.

"ನೀವು ಕುಂತೀರಲ್ಲ, ಅದರ ಮ್ಯಾಲ."

ಲೋಹಿತ ಎದ್ದು ನಿಂತ. ಫಕ್ಕೀರಪ್ಪನವರು ಗಂಟಲು ಸರಿಮಾಡಿಕೊಂಡರು. "ಸರೋಜಾ, ದೃಷ್ಟಿ ಆಗೂದು ರುಚಿ ಇದ್ದದ್ದಕ್ಕ. ಈ ಗುಳಿಗಿಗೆ ಯಾರ ಬಾಯಾಗ ನೀರು ಬರತೈತಿ? ಆಕೀಗೇ ಕೊಡು. ಎಲ್ಲಾನೂ ಕೊಡು."

ಸರೋಜವ್ವ ಗಂಡನನ್ನು ನೋಡಿದಳು, ಮಗನನ್ನು ನೋಡಿದಳು, ತಾನು ಕುಳಿತ ಜಾಗವನ್ನೂ ಒಮ್ಮೆ ನೆನೆದಳು. ಗುಳಿಗೆಗಳು ಸೊಸೆಯ ಕೈ ಸೇರಿದವು.

ಸುಧಾರಾಣಿ ದಿನಾ ಊಟದ ಮೇಲೆ ಲಿಂಬೆಹಣ್ಣಿನ ನೀರಿನ ಜೊತೆ ಒಂದೊಂದನ್ನು ಒಬ್ಬಳೇ ನುಂಗಿದಳು. ಮುಂದಿನ ತಪಾಸಣೆಗೆ ರಕ್ತ ಏರಿತ್ತು. ಕುಬಸ ಸವಣೂರಿನಲ್ಲಿ ಆಯಿತು.