ದುರ್ಗಕ್ಕ ಕೇಳಿಸಿಕೊಂಡ ಸಮುದ್ರ

ಅದಿರಿನ ಲಾರಿಗಳು ಹಗಲು ರಾತ್ರಿ ಅನ್ನದೆ ಓಡುತ್ತಿದ್ದ ಕಾಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ದುರ್ಗಕ್ಕ ಬೆಳಿಗ್ಗೆ ಕಸ ಹೊಡೆದರೆ ಸಂಜೆಗೆ ಧೂಳಿನಿಂದ ಅಂಗಳ ಮತ್ತೆ ಕೆಂಪಗಾಗುತ್ತಿತ್ತು. ಕಿಟಕಿ ಮುಚ್ಚಿದರೂ ಲಾರಿಗಳ ಗುಂಯ್ ಸದ್ದು ಕರೆಯದೆ ಬಂದ ನೆಂಟರ ಹಾಗೆ ಮನೆಯೊಳಗೇ ಇರುತ್ತಿತ್ತು. ಅದು ಎಷ್ಟು ರೂಢಿಯಾಗಿತ್ತೆಂದರೆ, ಲಾರಿ ನಿಂತ ದಿನ ಅವಳಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಗಂಡ ಮಾರೆಪ್ಪನದೂ ಒಂದು ಲಾರಿ ಸಂಡೂರಿನ ಗಣಿಗೆ ಓಡುತ್ತಿತ್ತು. ಮಗಳು ಹುಲಿಗೆಮ್ಮ ಆ ವರ್ಷ ಪಿಯುಸಿ ಪಾಸಾಗಿದ್ದಳು. ಸೀದಾ ಡಿಗ್ರಿಗೆ ಸೇರುತ್ತಾಳೆಂದು ತಾಯಿ ಅಂದುಕೊಂಡಿದ್ದರೆ, ಹುಡುಗಿಯ ಮನಸ್ಸು ಎಲ್ಲೋ ತೇಲುತ್ತಿತ್ತು. ಹಂಪಿಯ ಶಾಲೆಯೊಂದಕ್ಕೆ ವಿದೇಶದ ಹುಡುಗಿಯೊಬ್ಬಳು ಕಾಲೇಜು ಸೇರುವ ಮೊದಲು ಬಂದು, ವರ್ಷವಿಡೀ ಮಕ್ಕಳಿಗೆ ಚಿತ್ರ ಬರೆಯಲು ಕಲಿಸಿದ್ದನ್ನು ಅವಳು ನೋಡಿದ್ದಳು. ಅಂದಿನಿಂದ ಅದೇ ಧ್ಯಾನ.

“ಯಮ್ಮ, ಶ್ರೀಲಂಕಾದಾಗ ಸುನಾಮಿ ಬಂದ ಊರಿನ ಮಕ್ಕಳು ಈಗಲೂ ಸಮುದ್ರ ಕಂಡ್ರ ಅಂಜತಾವಂತ. ಅವರ ಕೂಡ ಆಡಾಕ, ಓದಿಸಾಕ ಸ್ವಯಂಸೇವಕರು ಬೇಕಂತ. ಒಂದು ವರ್ಷ ಹೋಗಿ ಬರ್ತೀನಿ. ಆಮ್ಯಾಲೆ ಡಿಗ್ರಿ.”

“ನಮ್ಮ ಓಣ್ಯಾಗ ಮಕ್ಕಳಿಲ್ಲೇನು?” ಎಂದಳು ದುರ್ಗಕ್ಕ. “ನಮಗ ಡ್ಯಾಮಿನ ನೀರೇ ಸಮುದ್ರ. ಸುಮ್ನ ಕಾಲೇಜಿಗೆ ಸೇರು.”

ಮಾರೆಪ್ಪನದು ಮಾತ್ರ ಲಾರಿಯವರ ಅವಸರ. ಮಗಳ ಆಸೆ ಕೇಳಿದ್ದೇ ತಡ, ಬಸ್‌ಸ್ಟ್ಯಾಂಡ್ ಹತ್ತಿರ ಹೊಸದಾಗಿ ಬಾಗಿಲು ತೆರೆದಿದ್ದ, ವಿದೇಶಕ್ಕೆ ಕಳಿಸುವ ಏಜೆಂಟನಿಗೆ ಅವಳ ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್ ಎರಡನ್ನೂ ಒರಿಜಿನಲ್ಲೇ ಕೊಟ್ಟು ಬಂದ. ಗಣಿಯಲ್ಲಿ ಲಾರಿಯ ಕಾಗದ ಗುಮಾಸ್ತನ ಕೈಗೆ ಹಾಕಿದರೆ ತಾನೇ ಲೋಡಿಗೆ ಪಾಳಿ ಸಿಗುವುದು? ಮಗಳ ಕೆಲಸವೂ ಹಾಗೇ ಎಂದುಕೊಂಡಿದ್ದ.

ಎದುರು ಮನೆಯ ರೇಣುಕಾದೇವಿ ಆಸ್ಪತ್ರೆಯಲ್ಲಿ ನರ್ಸ್. ನರ್ಸಿಂಗ್ ಓದಲು ಸೇರುವ ಮೊದಲು ನೇಪಾಳದ ಆರೋಗ್ಯ ಶಿಬಿರಗಳಲ್ಲಿ ಒಂದು ವರ್ಷ ಸೇವೆ ಮಾಡಿ ಬಂದವಳು. ಸಂಜೆ ಚಹಾಕ್ಕೆ ಬಂದಾಗ ವಿಷಯ ಕೇಳಿ ಲೋಟ ಕೆಳಗಿಟ್ಟಳು.

“ಮಾರೆಪ್ಪಣ್ಣ, ಯಾವ ಸಂಸ್ಥೆ? ಅಲ್ಲಿ ಏನು ಕೆಲಸ? ಇಳಿದ ಮ್ಯಾಲೆ ಕರಕೊಂಡು ಹೋಗೋರು ಯಾರು?”

“ಅದೆಲ್ಲಾ ಏಜೆಂಟ್ ನೋಡ್ಕೊಂತಾನ. ಟೂರಿಸ್ಟ್ ವೀಸಾ ಮ್ಯಾಲೆ ಕಳಸ್ತೀನಿ ಅಂದಾನ. ತಿರುಗಿ ಬರೋ ತನಕ ಮಾರ್ಕ್ಸ್ ಕಾರ್ಡ್ ಅವನ ಹತ್ರ ಇರತೈತಿ.”

“ಅದು ಊರು ನೋಡಾಕ ಹೋಗೋರ ವೀಸಾ. ಅದರ ಮ್ಯಾಲೆ ಸೇವಾ ಮಾಡಾಕ ಹೋದ್ರ ವಾಪಸ್ ಕಳಸಬಹುದು. ಕಾರ್ಡ್ ಕಳೆದ್ರ ಡಿಗ್ರಿ ಸೀಟೂ ಇಲ್ಲ, ಸಮುದ್ರಾನೂ ಇಲ್ಲ.”

ದುರ್ಗಕ್ಕ ಗಂಡನ ಕಡೆ ತಿರುಗಿ ನೋಡಿದಳು. ಮಗಳಿಗೆ ಹೋಗಬೇಡ ಅನ್ನುವುದು ಬೇರೆ, ಅವಳ ದಾರಿಯನ್ನೇ ಯಾರೋ ಡ್ರಾಯರಿನಲ್ಲಿಟ್ಟು ಬೀಗ ಹಾಕುವುದು ಬೇರೆ.

ಮರುದಿನ ಬುತ್ತಿ ಕಟ್ಟಿಕೊಂಡು ಹೋಗಿ ಏಜೆಂಟನ ಬಾಗಿಲಲ್ಲೇ ಕುಳಿತಳು. “ಸಾಹೇಬ್ರು ನಾಳೆ ಬರ್ತಾರ,” ಎಂದ ಒಳಗಿನವನು. “ಬರ್ಲಿ. ಕಟಕ್ ರೊಟ್ಟಿ ನಾಳೆ ತನಕ ಕೆಡಾದಿಲ್ಲ,” ಎಂದು ಗಂಟು ಬಿಚ್ಚಿದಳು. ಮೆಟ್ಟಿಲು ಹತ್ತಿದವರನ್ನೆಲ್ಲ “ನಿಮ್ಮವೂ ಒರಿಜಿನಲ್ ಕೇಳಿದ್ರೇನ್ರಿ?” ಎಂದು ವಿಚಾರಿಸತೊಡಗಿದಳು. ಕೇಳಿದವರು ಮೆಟ್ಟಿಲು ಇಳಿದರು. ನಾಳೆ ಬರಬೇಕಿದ್ದ ಸಾಹೇಬ ಅಂದೇ ಮಧ್ಯಾಹ್ನ ಬಂದು, ಕಾಗದಗಳನ್ನು ಕೊಟ್ಟು ಕೈಮುಗಿದ.

ಆಮೇಲೆ ರೇಣುಕಾದೇವಿ ತನಗೆ ಪರಿಚಯವಿದ್ದ ಸಂಸ್ಥೆಗೆ ಬರೆದಳು. ಅಲ್ಲಿಂದ ಆಮಂತ್ರಣವೂ, ಶ್ರೀಲಂಕಾದಲ್ಲಿ ಹುಡುಗಿ ಉಳಿಯುವ ಮನೆಯ ಫೋನ್ ನಂಬರೂ ಬಂದವು. ಸೇವೆಗೆ ತಕ್ಕ ವೀಸಾಕ್ಕೆ ಅರ್ಜಿ ಹಾಕಿದರು. ಮುಂದಿನ ವರ್ಷ ಸೇರಿಸಿಕೊಳ್ಳುತ್ತೇವೆಂದು ಕಾಲೇಜಿನವರಿಂದ ಬರೆಸಿಕೊಂಡರು. ಆದರೂ ದುರ್ಗಕ್ಕ ಹೂಂ ಅನ್ನಲಿಲ್ಲ.

“ಇಕಿ ಇರೋ ಮನಿಯವರ ದನಿ ನಾನು ಕೇಳಬೇಕು,” ಎಂದಳು.

ಎಲ್ಲರೂ ಎಸ್‌ಟಿಡಿ ಬೂತಿಗೆ ಹೋದರು. ಆ ಕಡೆ ಮನೆಯೊಡತಿ, ಈ ಕಡೆ ದುರ್ಗಕ್ಕ, ನಡುವೆ ರೇಣುಕಾದೇವಿಯ ಇಂಗ್ಲಿಷ್. ಉಣ್ಣಲು ಏನು, ಮಲಗುವುದು ಎಲ್ಲಿ, ಜ್ವರ ಬಂದರೆ ನೋಡುವವರು ಯಾರು, ಎಲ್ಲಕ್ಕೂ ಉತ್ತರ ಬಂತು. “ನನ್ನ ಮಗಳ ಕೋಣೆಯಲ್ಲೇ ಮಲಗುತ್ತಾಳೆ,” ಎಂದಳಂತೆ ಆಕೆ. ದುರ್ಗಕ್ಕ ರಿಸೀವರ್ ಕಿವಿಗೊತ್ತಿಕೊಂಡು ಹುಬ್ಬು ಗಂಟಿಕ್ಕಿದಳು.

“ಅಲ್ಲೂ ಲಾರಿ ಓಡ್ತಾವೇನು? ಗುಂಯ್ ಅಂತೈತಲ್ಲ.”

ರೇಣುಕಾದೇವಿ ವಿಚಾರಿಸಿ ನಕ್ಕಳು. “ಲಾರಿ ಅಲ್ಲ ದುರ್ಗಕ್ಕ, ಸಮುದ್ರ. ಆಯಮ್ಮ ಬಾಗಿಲದಾಗ ನಿಂತಾಳ.”

ದುರ್ಗಕ್ಕ ಮತ್ತೆ ಕಿವಿಗೊಟ್ಟಳು. ಸದ್ದು ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಒಂದು ಚೂರೂ ಧೂಳಿಲ್ಲದ ಸದ್ದು. ಕಣ್ಣು ಮುಚ್ಚಿದರೆ ಬೂತೂ ಇಲ್ಲ, ಹೊಸಪೇಟೆಯ ಬಿಸಿಲೂ ಇಲ್ಲ. ಮರಳ ದಂಡೆಯಲ್ಲಿ ಹುಲಿಗೆಮ್ಮ ಒಂದು ಮಗುವಿನ ಕೈ ಹಿಡಿದು ನಡೆಯುತ್ತಿದ್ದಳು. ಮಗು ನಿಂತಿತು. ಇವಳೂ ನಿಂತಳು. ಆಮೇಲೆ ಇಬ್ಬರೂ ಮೆಲ್ಲಗೆ ನೀರಿಗೆ ಕಾಲಿಟ್ಟರು. ದುರ್ಗಕ್ಕ ಕಣ್ಣು ತೆರೆದು ರಿಸೀವರನ್ನು ರೇಣುಕಾದೇವಿಯ ಕೈಗೆ ಕೊಟ್ಟಳು.

“ಹೋಗಿ ಬಾ,” ಎಂದಳು ಮಗಳಿಗೆ. “ವಾರಕ್ಕೊಮ್ಮೆ ಫೋನ್ ಮಾಡು. ಮಾತಾಡಾಕ ಏನೂ ಇರದಿದ್ರೂ ಮಾಡು. ಬಾಗಿಲದಾಗ ನಿಂತು ಮಾಡು.”

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ ಹುಡುಗ ಹುಡುಗಿಯರಿಗೂ ಕಾಲೇಜಿಗೆ ಮೊದಲು ಒಂದು ವರ್ಷ ಹೊರನಾಡಿನಲ್ಲಿ ಸೇವೆ ಮಾಡುವ ಆಸೆ ಇರಬಹುದು. ಆಸೆಗೆ ಬೈಯಬೇಡಿ, ಅವಸರಕ್ಕೆ ಬೈಯಿರಿ. ಕಾಲೇಜಿನ ಸೀಟು ಭದ್ರ ಮಾಡಿಕೊಳ್ಳಿ. ಸರಿಯಾದ ವೀಸಾ, ವಿಮೆ, ಹಿಂತಿರುಗುವ ಟಿಕೆಟ್ ಇಲ್ಲದೆ ಹೊರಡಿಸಬೇಡಿ. ಒರಿಜಿನಲ್ ಕಾಗದಗಳನ್ನು ಯಾವ ಏಜೆಂಟನ ಬಳಿಯೂ ಬಿಟ್ಟು ಬರಬೇಡಿ. ಮಕ್ಕಳು ಇರುವ ಮನೆಗೆ ನೀವೇ ಫೋನ್ ಮಾಡಿ, ಕೇಳುವುದನ್ನೆಲ್ಲ ಕೇಳಿ. ಕೇಳಿ ಮುಗಿದ ಮೇಲೆ ಫೋನು ಇಡುವ ಮುಂಚೆ, ಒಂದು ಗಳಿಗೆ ಆ ಊರಿನ ಸದ್ದನ್ನೂ ಕೇಳಿಸಿಕೊಳ್ಳಿ.