ಹಿತ್ತಲ ಶೆಡ್ಡಿಗೆ ಕರೆಂಟು

ಅಕ್ಕ ಮರ ಕಡೆಯುವ ಲೇತನ್ನು ನಡುಮನೆಯಲ್ಲಿಟ್ಟುಕೊಂಡು ಎಂಟು ತಿಂಗಳಾಗಿತ್ತು. ತಟ್ಟೆಯಲ್ಲಿ ಮರದ ಪುಡಿ, ದಿಂಬಿನಲ್ಲಿ ಮರದ ಪುಡಿ. ಹಾಸ್ಟೆಲಿನಿಂದ ರಜೆಗೆ ಬಂದ ನಾನು ಪುಸ್ತಕ ಕೊಡವಿದರೂ ಅದೇ ಉದುರುತ್ತಿತ್ತು. ಅಮ್ಮ ಸಹಿಸಿಕೊಂಡಿದ್ದಳು ಎಂದರೆ ಸುಳ್ಳಾಗುತ್ತದೆ.

ಆ ಹೊತ್ತಿಗೆ ಶಾಲೆಯ ಹೆಡ್ ಮಿಸ್ ಪ್ರಯೋಗಾಲಯದ ನಲವತ್ತು ಸ್ಟೂಲುಗಳಿಗೆ ಹೊಸ ಕಾಲು ಹಾಕಿಸಬೇಕೆಂದರು. ಅಕ್ಕನಿಗೆ ಸಿಗಬಹುದಾಗಿದ್ದ ಮೊದಲ ದೊಡ್ಡ ಕೆಲಸ ಅದು. ಆದರೆ ನಡುಮನೆಯಲ್ಲಿ ಕಡೆಯುವವರಿಗೆ ಅವರು ಕೊಡುವವರಲ್ಲ. ಸರಿಯಾದ ವರ್ಕ್‌ಶಾಪ್ ಇದೆಯೇ ಎಂದು ನೋಡಲು ಸೋಮವಾರ ಹತ್ತಕ್ಕೆ ಬರುವುದಾಗಿ ಹೇಳಿದ್ದರು. ಹಿತ್ತಲ ತುದಿಯಲ್ಲಿ ತಗಡಿನ ಶೆಡ್ಡೇನೋ ಇತ್ತು. ಕರೆಂಟಿರಲಿಲ್ಲ.

ದೊಡ್ಡಪ್ಪ ಮೂವತ್ತೈದು ವರ್ಷ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಅಳತೆಗೆ ಅವರದು ಹೆಜ್ಜೆ. ಒಂದು ಹೆಜ್ಜೆಗೆ ಎರಡೂವರೆ ಅಡಿ, ಅದರಲ್ಲಿ ಚರ್ಚೆಯಿಲ್ಲ. ಶುಕ್ರವಾರ ಅಕ್ಕ ಟೇಪು ಹಿಡಿದು ಬಂದಾಗ ಅವರು ಚಪ್ಪಲಿ ಮೆಟ್ಟಿಕೊಂಡರು.

"ಟೇಪು ಬಿಚ್ಚಿದ್ರೆ ನಾನು ಮನೆಗೆ ಹೊರಟೆ, ಬಡಗಿ ಮೇಡಂ."

ಅಕ್ಕ ಟೇಪನ್ನು ಜೇಬಿಗಿಳಿಸಿದಳು. ದೊಡ್ಡಪ್ಪ ಮೀಟರ್ ಬೋರ್ಡಿನ ಬುಡದಿಂದ ಗಟ್ಟಿಯಾಗಿ ಹೆಜ್ಜೆ ಎಣಿಸುತ್ತಾ ಹೊರಟರು. ಐವತ್ತೆಂಟರ ಹತ್ತಿರ ಅಡುಗೆಮನೆ ಕಿಟಕಿಯಿಂದ ಅಮ್ಮ ಕೇಳಿದಳು: "ಬಾವ, ಟೀಗೆ ಸಕ್ಕರೆ ಎಷ್ಟು ಹಾಕ್ಲಿ?"

"ಒಂದೇ ಚಮಚ ಸಾಕು," ಎಂದ ದೊಡ್ಡಪ್ಪ ಮುಂದಕ್ಕೆ ನಡೆದರು. "ಐವತ್ತೊಂದು, ಐವತ್ತೆರಡು..."

ನನಗೆ ಕೇಳಿಸಿತು. ಅಕ್ಕನಿಗೂ ಕೇಳಿಸಿರಬೇಕು. ನಮ್ಮ ಮನೆಯಲ್ಲಿ ದೊಡ್ಡಪ್ಪನ ಲೆಕ್ಕ ತಿದ್ದುವ ಅಭ್ಯಾಸ ಯಾರಿಗೂ ಇಲ್ಲ. ಒಟ್ಟು ಎಂಬತ್ತು ಹೆಜ್ಜೆ, ಇನ್ನೂರು ಅಡಿ ಎಂದರು. ಅಕ್ಕ ಹತ್ತಡಿ ಹೆಚ್ಚಿಗೆ ಸೇರಿಸಿ ಕೇಬಲ್ ತಂದಳು. ದೊಡ್ಡಪ್ಪ ಹೇಳಿದಷ್ಟೇ ದಪ್ಪದ್ದು. ದೂರ ಹೋಗುವ ತಂತಿ ಸಣ್ಣದಾದರೆ ಬಲ್ಬೇನೋ ಉರಿಯುತ್ತದೆ, ಮೋಟಾರು ಮುಲುಗುತ್ತದೆ, ತಿರುಗುವುದಿಲ್ಲ.

ಶನಿವಾರವೆಲ್ಲ ಅಕ್ಕ ಹಾರೆ ಹಾಕಿದಳು, ನಾನು ಮಣ್ಣೆತ್ತಿದೆ. ಎರಡಡಿ ಆಳದ ಕಾಲುವೆ. ನನ್ನ ಅಂಗೈಯಲ್ಲಿ ಐದು ಬೊಬ್ಬೆ ಎದ್ದವು. "ಓದಿದೋಳ ಕೈ ನೋಡು, ಹತ್ತಿ ಇದ್ದ ಹಾಗಿದೆ," ಎಂದು ಅಕ್ಕ ಆಡಿಕೊಂಡಳು.

ಭಾನುವಾರ ಬೆಳಿಗ್ಗೆ ಕೇಬಲ್ ಹಾಸುತ್ತಾ ಹೋದೆವು. ಶೆಡ್ಡಿನ ಬಾಗಿಲು ಇನ್ನೂ ಹತ್ತಡಿ ದೂರವಿರುವಾಗ ಅದು ಮುಗಿದುಹೋಯಿತು.

ಅಂಗಡಿಗೆ ಭಾನುವಾರ ರಜೆ. ದೊಡ್ಡಪ್ಪ ತುದಿಯನ್ನೆತ್ತಿ, ಆ ಹತ್ತಡಿಯನ್ನು ಅದೇ ಕದ್ದಿದೆಯೇನೋ ಎಂಬಂತೆ ನೋಡಿದರು.

"ಅಂಗಡಿಯವನು ಕಡಿಮೆ ಕೊಟ್ಟಿದ್ದಾನೆ."

"ಅಂಗಡೀಲಿ ನಾನೇ ಅಳೆಸಿದ್ದೀನಿ ದೊಡ್ಡಪ್ಪ. ಟೇಪಲ್ಲಿ."

ನಾನು ಐವತ್ತೆಂಟು, ಐವತ್ತೊಂದರ ವಿಷಯ ಹೇಳಿಬಿಟ್ಟೆ. ದೊಡ್ಡಪ್ಪ ಅಡುಗೆಮನೆ ಕಿಟಕಿಯತ್ತ ತಿರುಗಿದರು.

"ಎಣಿಸೋ ಹೊತ್ತಲ್ಲಿ ಸಕ್ಕರೆ ಕೇಳೋದೇನಮ್ಮ?"

"ಸಕ್ಕರೆ ಕಾಯಿಲೆ ಇರೋರ್ನ ಕೇಳ್ದೆ ಹಾಕ್ಬಿಡ್ಲಾ?" ಎಂದಳು ಅಮ್ಮ. "ನಾಳೆ ಆ ಮಿಸ್ ಬಂದಾಗ ಲೇತು ನನ್ನ ನಡುಮನೇಲೇ ಇದ್ರೆ ನಾನೇ ಬೀದಿಗೆ ಹೊತ್ತಾಕ್ತೀನಿ, ನೋಡ್ತಿರಿ."

ದೊಡ್ಡಪ್ಪನ ಚೀಲದಲ್ಲಿ ಅದೇ ದಪ್ಪದ ಮೂವತ್ತಡಿ ತುಂಡೊಂದಿತ್ತು. ಅಕ್ಕ ಅದನ್ನು ಎಳೆದು ತೆಗೆದಳು.

"ಇದನ್ನ ಸೇರಿಸಿ."

"ಆಗಲ್ಲ. ಮಣ್ಣೊಳಗೆ ಜಾಯಿಂಟ್ ಹಾಕೋನು ನಾನಲ್ಲ. ನೀರಿಳಿಯುತ್ತೆ, ನೀನು ಬರಿಗಾಲಲ್ಲಿ ಓಡಾಡ್ತೀಯ."

"ಮಣ್ಣೊಳಗೆ ಬೇಡ ತಾನೆ? ಮೇಲೆ ಹಾಕಿ."

ದೊಡ್ಡಪ್ಪ ಶೆಡ್ಡಿನ ಬಾಗಿಲವರೆಗೆ ಕಣ್ಣಲ್ಲೇ ಅಳೆದರು. "ಪೈಪಿದೆಯಾ?" ಎಂದರು. ಬಚ್ಚಲ ಹಿಂದೆ ಹಳೆಯ ಕಬ್ಬಿಣದ ಪೈಪಿತ್ತು. ಕೇಬಲ್ ಮೇಲೇರಲು ಸಾಲುವಷ್ಟು ಹಿಂದಕ್ಕೆ ಅದನ್ನು ನೆಟ್ಟು, ಸಿಮೆಂಟ್ ಮೆತ್ತಿ, ಎದೆಮಟ್ಟಕ್ಕೆ ಮುಚ್ಚಳವಿರುವ ಪೆಟ್ಟಿಗೆ ಕೂರಿಸಿದೆವು. ಕೇಬಲ್ಲು ನೆಲದಿಂದೆದ್ದು ಪೆಟ್ಟಿಗೆಗೆ ಬಂದಿತು. ತುಂಡು ಅಲ್ಲಿಂದ ಇಳಿದು ಶೆಡ್ಡಿಗೆ ಹೋಯಿತು. ಜಾಯಿಂಟು ಪೆಟ್ಟಿಗೆಯೊಳಗೆ ನೀರು ತಾಗದೆ ಕೂತಿತು. ಹಿತ್ತಲಲ್ಲಿ ಆ ಪೈಪು ದಾರಿ ತಪ್ಪಿದ ನೆಂಟನಂತೆ ನಿಂತಿತ್ತು.

ಸಂಜೆ ದೊಡ್ಡಪ್ಪ ಅರ್ತಿಂಗನ್ನು ಎರಡೆರಡು ಸಲ ಪರೀಕ್ಷಿಸಿ ಸ್ವಿಚ್ ಹಾಕಿದರು. ಶೆಡ್ಡಿನ ಬಲ್ಬು ಉರಿಯಿತು. ಲೇತು ಹೊರಲು ನಾಲ್ವರೂ ಬೇಕಾಯಿತು. ಎಲ್ಲರಿಗಿಂತ ಜೋರಾಗಿ ಎತ್ತಿದವಳು ಅಮ್ಮ.

ಸೋಮವಾರ ಹೆಡ್ ಮಿಸ್ ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಬಂದರು. ಸ್ಕೂಟರಿನಲ್ಲಿ ಒಂದು ಕಾಲು ಮುರಿದ ಸ್ಟೂಲಿತ್ತು. ಅವರ ಕಣ್ಣು ಮೊದಲು ಬಿದ್ದದ್ದೇ ಪೈಪಿನ ಮೇಲೆ.

"ಇದೇನು, ಇಲ್ಲಿ?"

ದೊಡ್ಡಪ್ಪ ಗಂಟಲು ಸರಿಪಡಿಸಿಕೊಂಡರು. ಏನಾದರೂ ದೊಡ್ಡ ಕಾರಣ ಹೇಳುತ್ತಾರೆಂದು ಕಾದೆ.

"ಕೇಬಲ್ ಸಾಲಲಿಲ್ಲ," ಎಂದರು. "ನನ್ನ ಲೆಕ್ಕ ತಪ್ಪಿತು. ಕೆಲಸ ತಪ್ಪಿಲ್ಲ, ಮುಚ್ಚಳ ತೆಗೆದು ತೋರಿಸ್ಲಾ?"

ಹೆಡ್ ಮಿಸ್ ನಿಜಕ್ಕೂ ತೆಗೆಸಿ ನೋಡಿದರು. ಆಮೇಲೆ ಶೆಡ್ಡಿನೊಳಗೆ ಬಂದು ಸ್ಟೂಲನ್ನು ಅಕ್ಕನ ಮುಂದಿಟ್ಟರು.

ಅಕ್ಕ ಲೇತಿಗೆ ಮರದ ತುಂಡು ಕಚ್ಚಿಸಿ ಸ್ವಿಚ್ ಒತ್ತಿದಳು. ಮೋಟಾರು ಒಂದು ಕ್ಷಣ ಗುಂಯ್ ಎಂದಿತು. ದೊಡ್ಡಪ್ಪ ಉಸಿರು ಬಿಗಿಹಿಡಿದರು. ಮರುಕ್ಷಣ ಅದು ಸಲೀಸಾಗಿ ಓಡತೊಡಗಿತು. ಉಳಿ ತಾಗಿದಂತೆ ಸಿಪ್ಪೆ ಉದ್ದುದ್ದ ಸುರುಳಿಯಾಗಿ ಹೆಡ್ ಮಿಸ್ಸಿನ ಸೀರೆ ಮೇಲೆ ಬಿತ್ತು. ಅವರು ಹಿಂದೆ ಸರಿಯಲಿಲ್ಲ. ಇಪ್ಪತ್ತು ನಿಮಿಷಕ್ಕೆ ಕಾಲು ಸಿದ್ಧವಾಯಿತು. ಅಕ್ಕ ಅದನ್ನು ಸ್ಟೂಲಿಗೆ ಬಡಿದು ಕೂರಿಸಿದಳು.

ಹೆಡ್ ಮಿಸ್ ಅದರ ಮೇಲೆ ಕೂತರು. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು, ಪುಂಡ ಹುಡುಗರ ಹಾಗೆ ಹಿಂದಕ್ಕೂ ಜೋಲಿದರು. ಸ್ಟೂಲು ಮಿಸುಕಲಿಲ್ಲ.

"ಇನ್ನು ಮೂವತ್ತೊಂಬತ್ತಿವೆ. ಯಾವಾಗ ಕಳಿಸ್ಲಿ?"

"ಈಗಲೇ ಕಳಿಸಿ," ಎಂದಳು ಅಕ್ಕ.

"ನಾಳೆ ಅನ್ನೇ," ದೊಡ್ಡಪ್ಪ ಅವಳ ಕಿವಿಯಲ್ಲಿ ಹೇಳಿದರು, "ಕೈತುಂಬ ಕೆಲಸ ಇರೋ ಹಾಗೆ ಕಾಣ್ಬೇಕು."

ಲೈನ್‌ಮನ್ ಆಗಿ ಕಂಬದ ಮೇಲಿಂದ ಕೂಗಿ ರೂಢಿಯಾದ ಗಂಟಲದು. ಹೆಡ್ ಮಿಸ್ ನಗುತ್ತಲೇ ಸ್ಕೂಟರ್ ಹತ್ತಿದರು.